ಕಾಗ್ನಿಟಿವ್ ಸೈನ್ಸ್ ಎಂ.ಎಸ್ಸಿ. ಓದಬೇಕೆನ್ನುವ ನಮ್ಮ ಕಡೆಯ ವಿದ್ಯಾರ್ಥಿಗಳಿಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಇರುತ್ತವೆ. "ಬಿ.ಎ. ಸೈಕಾಲಜಿ ಮಾಡೀನ್ರಿ, ಕಾಗ್ನಿಟಿವ್ ಸೈನ್ಸ್‌ಗೆ ಸೀಟ್ ಸಿಗತೈತೇನ್ರಿ?" "ಬಿ.ಇ. ಮುಗದೈತ್ರಿ, ಮೆದುಳಿನ ಬಗ್ಗೆ ಓದಬೇಕಂತ ಆಸೆ ಐತಿ, ತಡ ಆತೇನ್ರಿ?" "ಇದನ್ನ ಓದಿದ್ರ ಕೌನ್ಸೆಲರ್ ಆಗಬಹುದೇನ್ರಿ?" ಮೊದಲಿನವರಿಗೆ ಸೀಟು ಸಿಗಬಹುದು, ಎರಡನೆಯವರಿಗೆ ತಡವೇನೂ ಆಗಿಲ್ಲ. ಮೂರನೆಯವರು ಮಾತ್ರ ಅರ್ಜಿ ಹಾಕುವ ಮುಂಚೆ ಹಂತ 1ನ್ನು ಎರಡು ಸಲ ಓದಬೇಕು.

ಇದು ಏನನ್ನು ಓದುವ ವಿಷಯ?

ಮನುಷ್ಯ ನೋಡುವುದು, ಗಮನ ಕೊಡುವುದು, ನೆನಪಿಟ್ಟುಕೊಳ್ಳುವುದು, ಮಾತು ಕಲಿಯುವುದು, ತೀರ್ಮಾನ ಮಾಡುವುದು ಹೇಗೆ ಎಂಬುದು ಇದರ ವಸ್ತು. ಮನೋವಿಜ್ಞಾನ, ಭಾಷಾವಿಜ್ಞಾನ, ನರವಿಜ್ಞಾನ, ಕಂಪ್ಯೂಟರ್ ವಿಜ್ಞಾನ, ತತ್ವಶಾಸ್ತ್ರ, ಮಾನವಶಾಸ್ತ್ರ ಈ ಆರೂ ಇಲ್ಲಿ ಕೂಡುತ್ತವೆ. 1956ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ಒಂದು ಗೋಷ್ಠಿಯನ್ನು ಇದರ ಹುಟ್ಟು ಎಂದು ಹಲವರು ಗುರುತಿಸುತ್ತಾರೆ. ಅಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ನೆನಪಿನ ಮಿತಿಯ ಬಗ್ಗೆ, ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ವ್ಯಾಕರಣದ ಬಗ್ಗೆ, ನ್ಯೂವೆಲ್ ಮತ್ತು ಸೈಮನ್ ತರ್ಕ ಮಾಡುವ ಕಂಪ್ಯೂಟರ್ ಪ್ರೋಗ್ರಾಮ್ ಬಗ್ಗೆ ಮಾತಾಡಿದ್ದರು.

ಇದೆಲ್ಲ ದೂರದ ಮಾತು ಅನ್ನಿಸಿದರೆ ನಮ್ಮ ಭಾಷೆಯ ಮೇಲೇ ನಡೆದ ಕೆಲಸ ನೋಡಿ. ಕನ್ನಡದಲ್ಲಿ 'ಏರು' ಎಂಬುದಕ್ಕೆ 'ಇಸು' ಹತ್ತಿದರೆ 'ಏರಿಸು' ಆಗುತ್ತದೆ, ಅಂದರೆ ಒಬ್ಬರು ಮತ್ತೊಬ್ಬರಿಂದ ಕೆಲಸ ಆಗಿಸುತ್ತಾರೆ. ಸಂಶೋಧಕರಾದ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳಿಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ಕೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಲಾಯಿತು. 'ಇಸು' ಇದೆಯೋ ಇಲ್ಲವೋ ಎಂಬುದಕ್ಕಿಂತ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ಮಕ್ಕಳು ಹಿಡಿದರು. ಎರಡು ನಾಮಪದ ಇದ್ದರೆ ಒಂದು ಪ್ರಾಣಿ ಇನ್ನೊಂದರಿಂದ ಕೆಲಸ ಮಾಡಿಸುವಂತೆ ಆಡಿದರು. ಭಾಷೆ ಕಲಿಯುವ ಮಗು ಏನನ್ನು ಹೊತ್ತು ತರುತ್ತದೆ, ಏನನ್ನು ಕೇಳಿ ಕಲಿಯುತ್ತದೆ ಎಂಬ ಜಾಗತಿಕ ಚರ್ಚೆಗೆ ಕನ್ನಡದ ಕೂಸುಗಳು ಕೊಟ್ಟ ಸಾಕ್ಷ್ಯ ಇದು.

ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಬರೆದರು. ಇಂಗ್ಲಿಷ್‌ನ 26 ಅಕ್ಷರಗಳಂತೆ ನಮ್ಮ ಅಕ್ಷರಗಳ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ. ಗುಣಿತಾಕ್ಷರ, ಒತ್ತಕ್ಷರ ಸೇರಿ ಅದು ಮೂರು-ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೈದರಾಬಾದಿನ 648 ಮರೆವಿನ ಕಾಯಿಲೆಯ ರೋಗಿಗಳನ್ನು ಪರಿಶೀಲಿಸಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಎಂದು ವರದಿ ಮಾಡಿದರು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತ್ತು. ಖಾನಾಪುರ, ನಿಪ್ಪಾಣಿಗಳಲ್ಲಿ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ಗೆಳೆಯರ ಜತೆ ಉರ್ದು ಮಾತಾಡುತ್ತ ಬೆಳೆದವರೇ, ಈ ಶಾಸ್ತ್ರ ಹುಡುಕುತ್ತಿರುವ ಪ್ರಶ್ನೆಗಳ ನಡುವೆಯೇ ನೀವು ಬೆಳೆದಿದ್ದೀರಿ. ಅರ್ಜಿಯಲ್ಲಿ ಇದನ್ನು ಮುಚ್ಚಿಡುವವರೇ ಹೆಚ್ಚು. ಅದು ನನಗೆ ಬೇಸರ ತರಿಸುವ ಸಂಗತಿ.

ಹಂತ 1: ನಿಮ್ಮ ಪ್ರಶ್ನೆ ಯಾವುದು ಎಂದು ಬರೆಯಿರಿ

ಒಂದು ಹಾಳೆಯಲ್ಲಿ, ಕನ್ನಡದಲ್ಲೇ, ನಿಮಗೆ ತಿಳಿಯಬೇಕಾದ ಮೂರು ಪ್ರಶ್ನೆ ಬರೆಯಿರಿ. "ಖಿನ್ನತೆ ಇರುವವರಿಗೆ ನಾನು ಹೇಗೆ ಸಹಾಯ ಮಾಡಲಿ?" ಎಂದು ಬಂದರೆ ನಿಮ್ಮ ದಾರಿ ಕ್ಲಿನಿಕಲ್ ಸೈಕಾಲಜಿ ಅಥವಾ ಕೌನ್ಸೆಲಿಂಗ್. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ಮಾಡಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಮಾನ್ಯ ಮಾಡಿದ ಕೋರ್ಸ್ ಮುಗಿಸಿ ನೋಂದಣಿ ಪಡೆಯಬೇಕು. ಕಾಗ್ನಿಟಿವ್ ಸೈನ್ಸ್ ಎಂ.ಎಸ್ಸಿ. ಆ ನೋಂದಣಿ ಕೊಡುವುದಿಲ್ಲ. "ಮಾತು ತೊದಲುವ ಮಕ್ಕಳಿಗೆ ಚಿಕಿತ್ಸೆ" ಎಂದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕಲಿಸುವ ವಾಕ್-ಶ್ರವಣ ಕೋರ್ಸ್‌ಗಳನ್ನು ನೋಡಿ. ಅಲ್ಲಿ ಎಂ.ಎಸ್ಸಿ.ಗೆ ಅದೇ ವಿಷಯದ ಪದವಿ ಬೇಕು.

"ಎರಡು ಭಾಷೆ ತಲೆಯಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆಯೇ?", "ಗದ್ದಲದಲ್ಲಿ ನಮ್ಮ ಹೆಸರು ಮಾತ್ರ ಹೇಗೆ ಕೇಳಿಸುತ್ತದೆ?", "ಯಂತ್ರ ಕಲಿಯುವುದಕ್ಕೂ ಕೂಸು ಕಲಿಯುವುದಕ್ಕೂ ಏನು ಅಂತರ?" ಈ ಜಾಡಿನ ಪ್ರಶ್ನೆಗಳಾದರೆ ಮುಂದೆ ಓದಿ.

ಇನ್ನೊಂದು ಎಚ್ಚರಿಕೆ. ಪದವಿ ಕಾಲೇಜಿನ ಮನೋವಿಜ್ಞಾನ ಉಪನ್ಯಾಸಕ ಹುದ್ದೆಯೇ ಗುರಿಯಾಗಿದ್ದರೆ, ನೇಮಕಾತಿ ಅಧಿಸೂಚನೆಯಲ್ಲಿ ಯಾವ ವಿಷಯದ ಸ್ನಾತಕೋತ್ತರ ಪದವಿ ಕೇಳುತ್ತಾರೆ ಎಂದು ಮೊದಲೇ ನೋಡಿ. 'ಮನೋವಿಜ್ಞಾನದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ.' ಎಂದಿದ್ದ ಕಡೆ ಕಾಗ್ನಿಟಿವ್ ಸೈನ್ಸ್ ಪದವಿ ತೋರಿಸಿ ವಾದ ಮಾಡುವುದು ಕಷ್ಟ. ಅಂಥವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಎಂ.ಎ. ಮಾಡಿ, ಆಮೇಲೆ ಪಿಎಚ್.ಡಿ.ಗೆ ಕಾಗ್ನಿಟಿವ್ ಸೈನ್ಸ್ ಕಡೆ ಹೊರಳಬಹುದು. ಅದು ಸುತ್ತುದಾರಿಯೇನಲ್ಲ.

ಹಂತ 2: ಎಲ್ಲಿ ಓದಬಹುದು

ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಸೆಂಟರ್ ಆಫ್ ಬಿಹೇವಿಯರಲ್ ಅಂಡ್ ಕಾಗ್ನಿಟಿವ್ ಸೈನ್ಸಸ್ ದೇಶದ ಹಳೆಯ ಕೇಂದ್ರಗಳಲ್ಲೊಂದು. ಗಮನ, ಗ್ರಹಿಕೆ, ಭಾಷೆಯ ಪ್ರಯೋಗಗಳಲ್ಲಿ ಆಸಕ್ತಿ ಇದ್ದರೆ ಅದನ್ನು ಮೇಲೆ ಇಟ್ಟುಕೊಳ್ಳಿ. ಐಐಟಿ ಗಾಂಧಿನಗರ ಮತ್ತು ಐಐಟಿ ದೆಹಲಿ ಎರಡು ವರ್ಷದ ಎಂ.ಎಸ್ಸಿ. ನಡೆಸುತ್ತವೆ. ಐಐಟಿ ಕಾನ್ಪುರದಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಇದೆ, ಅಲ್ಲಿ ಸಂಶೋಧನೆಗೆ ಒತ್ತು ಹೆಚ್ಚು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿರುವ ಕೇಂದ್ರವು ನರವಿಜ್ಞಾನದ ಕಡೆ ವಾಲಿದೆ. ಜೀವಶಾಸ್ತ್ರ ಓದಿದವರಿಗೆ ಅದು ಹೊಂದುತ್ತದೆ, ವಿಜಯಪುರದವರಿಗೆ ದೂರವೂ ಕಡಿಮೆ. ಹೈದರಾಬಾದಿನ ಐಐಐಟಿಯಲ್ಲಿ ಕಾಗ್ನಿಟಿವ್ ಸೈನ್ಸ್ ಪ್ರಯೋಗಾಲಯ ಇದೆ. ಕೋಡಿಂಗ್ ಬಲ್ಲ ಎಂಜಿನಿಯರ್‌ಗಳು ಅದನ್ನು ಗಮನಿಸಲಿ.

ಬೆಂಗಳೂರಿನ ಐಐಎಸ್ಸಿ ಮತ್ತು ನಿಮ್ಹಾನ್ಸ್ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಮೆದುಳಿನ ಸಂಶೋಧನೆಗೆ ಅವು ಬಹಳ ದೊಡ್ಡ ಜಾಗಗಳು. ಆದರೆ ಐಐಎಸ್ಸಿಯ ನರವಿಜ್ಞಾನ ಕೇಂದ್ರವನ್ನು ಪಿಎಚ್.ಡಿ.ಯ ಗುರಿಯಾಗಿ ಇಟ್ಟುಕೊಳ್ಳಿ. ಎಂ.ಎಸ್ಸಿ. ಅರ್ಜಿಯ ಪಟ್ಟಿಯಲ್ಲಿ ಬರೀ ಬೆಂಗಳೂರು ಬರೆದುಕೊಂಡು ಕುಳಿತರೆ ವರ್ಷ ಕೈತಪ್ಪುತ್ತದೆ.

ಹೆಚ್ಚಿನ ಕಡೆಗಳಲ್ಲಿ 'ಇಂಥದೇ ಪದವಿ' ಎಂಬ ಕಟ್ಟುನಿಟ್ಟು ಇಲ್ಲ. ಸಾಮಾನ್ಯವಾಗಿ ಶೇ. 55 ಅಥವಾ 60 ಅಂಕದ ಕನಿಷ್ಠ ಮಿತಿ ಇರುತ್ತದೆ. ಪ್ರವೇಶದ ಬಗೆ ಮಾತ್ರ ಒಂದೊಂದು ಕಡೆ ಒಂದೊಂದು. ಕೆಲವು ಸಂಸ್ಥೆಗಳು ತಾವೇ ಲಿಖಿತ ಪರೀಕ್ಷೆ ಮಾಡಿ ಸಂದರ್ಶನಕ್ಕೆ ಕರೆಯುತ್ತವೆ, ಹಲವು ಕೇಂದ್ರೀಯ ವಿಶ್ವವಿದ್ಯಾಲಯಗಳು ಸಿಯುಇಟಿ-ಪಿಜಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆಯ ಅಂಕ ಬಳಸುತ್ತವೆ. ಸಿಯುಇಟಿ-ಪಿಜಿಯಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಪದ್ಧತಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಿರಿಯರು ಹೇಳಿದ್ದನ್ನು ನಂಬಿ ಕೂರಬೇಡಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಆಯಾ ಸಂಸ್ಥೆಯ ಜಾಲತಾಣವನ್ನೇ ತೆರೆದು ನೋಡಿ. ಐದನೇ ಸೆಮಿಸ್ಟರ್‌ನಲ್ಲಿ ಇರುವಾಗಲೇ ಅರ್ಜಿಯ ಕಾಲ ಬಂದಿರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಹಂತ 3: ಕಾಗದಪತ್ರ. ನಮ್ಮ ಕಡೆಯವರು ಎಡವುವುದು ಇಲ್ಲೇ

ಮೇಲೆ ಹೇಳಿದವೆಲ್ಲ ಕೇಂದ್ರ ಸರ್ಕಾರದ ಮೀಸಲಾತಿ ಪಾಲಿಸುವ ಕಡೆಗಳು: ಎಸ್‌ಸಿ ಶೇ. 15, ಎಸ್‌ಟಿ ಶೇ. 7.5, ಒಬಿಸಿ ಶೇ. 27, ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರಿಗೆ, ಶೇ. 10. (ಹೈದರಾಬಾದಿನ ಐಐಐಟಿಯ ನಿಯಮ ಬೇರೆ ಇರುವುದರಿಂದ ಅಲ್ಲಿಯದನ್ನು ಪ್ರತ್ಯೇಕವಾಗಿ ನೋಡಿ.) ನಿಮ್ಮ ಕೈಯಲ್ಲಿರುವ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ್ದು. ಅದನ್ನು ಅಪ್‌ಲೋಡ್ ಮಾಡಿದರೆ ಒಬಿಸಿ ಸೀಟು ಸಿಗುವುದಿಲ್ಲ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಕೇಂದ್ರ ಪಟ್ಟಿ ಇದೆ. ಅದರಲ್ಲಿ ನಿಮ್ಮ ಜಾತಿ, ಒಳಪಂಗಡದ ಹೆಸರನ್ನು ಕಾಗುಣಿತ ಸಹಿತ ಹುಡುಕಿ.

ಇದ್ದರೆ ನಾಡಕಚೇರಿಯಲ್ಲಿ 'ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಪ್ರಮಾಣಪತ್ರ' ಎಂದೇ ಕೇಳಿ. ಕೆನೆಪದರಕ್ಕೆ ಸೇರಿಲ್ಲ ಎಂಬುದು ಅದರಲ್ಲಿ ಇರಬೇಕು. ಆ ವರ್ಷದ ಏಪ್ರಿಲ್ 1ರ ನಂತರದ ದಿನಾಂಕ ಇರಲಿ ಎಂದು ಹಲವು ಸಂಸ್ಥೆಗಳು ಕೇಳುತ್ತವೆ.

ಕೇಂದ್ರದ ಪಟ್ಟಿಯಲ್ಲಿ ಇಲ್ಲದಿದ್ದರೆ ಇಡಬ್ಲ್ಯುಎಸ್ ಕೋಟಾ ಪರಿಶೀಲಿಸಿ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇರಬೇಕು. ಅದಕ್ಕಿಂತ ಮುಖ್ಯ, ಕೃಷಿಭೂಮಿ 5 ಎಕರೆ ಅಥವಾ ಹೆಚ್ಚಿದ್ದರೆ ಇದು ಸಿಗುವುದಿಲ್ಲ. ಇಂಡಿ, ಸಿಂದಗಿಯ ಕಡೆ ಮಳೆಯನ್ನೇ ನಂಬಿದ ಏಳೆಂಟು ಎಕರೆ ಇದ್ದೂ ಕೈಯಲ್ಲಿ ಕಾಸಿಲ್ಲದ ಮನೆಗಳು ಎಷ್ಟೋ ಇವೆ. ನಿಯಮಕ್ಕೆ ಅದು ಕಾಣುವುದಿಲ್ಲ. ಜಮೀನು ಯಾರ ಹೆಸರಿನಲ್ಲಿ ಎಷ್ಟಿದೆ ಎಂಬ ಉತಾರ ಕೈಯಲ್ಲಿ ಹಿಡಿದುಕೊಂಡೇ ತಹಶೀಲ್ದಾರ್ ಕಚೇರಿಗೆ ಹೋಗಿ.

ಹೆಸರಿನ ಗೊಂದಲವೂ ಇಲ್ಲಿ ಸಾಮಾನ್ಯ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪದವಿಯಲ್ಲಿ ಬರೀ ಇನಿಷಿಯಲ್. ಮೂರನ್ನೂ ಎಸ್ಸೆಸ್ಸೆಲ್ಸಿಯಲ್ಲಿ ಇದ್ದಂತೆ ಸರಿಮಾಡಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ, ಆದ್ದರಿಂದ ಅರ್ಜಿಯ ಹಿಂದಿನ ವರ್ಷವೇ ಶುರುಮಾಡಿ. ಕೊನೆಯ ಸೆಮಿಸ್ಟರ್ ಫಲಿತಾಂಶ ತಡವಾದರೆ, 'ಪರೀಕ್ಷೆ ಬರೆದಿದ್ದಾರೆ, ಫಲಿತಾಂಶ ಬಾಕಿ ಇದೆ' ಎಂದು ಪ್ರಾಂಶುಪಾಲರ ಸಹಿಯ ಪತ್ರ ತೆಗೆದುಕೊಳ್ಳಿ. ಸಿಜಿಪಿಎಯನ್ನು ಶೇಕಡಾಕ್ಕೆ ತರುವ ಸೂತ್ರ ಇರುವ ವಿಶ್ವವಿದ್ಯಾಲಯದ ಪತ್ರವೂ ಬೇಕಾಗುತ್ತದೆ.

ಹಂತ 4: ಓದಿನ ತಯಾರಿ

ಪ್ರವೇಶ ಪರೀಕ್ಷೆಗಳಲ್ಲಿ ತರ್ಕ, ಸರಳ ಗಣಿತ, ಇಂಗ್ಲಿಷ್ ಗದ್ಯಭಾಗ ಓದಿ ಅರ್ಥಮಾಡಿಕೊಳ್ಳುವುದು, ಪ್ರಯೋಗವೊಂದನ್ನು ವಿಶ್ಲೇಷಿಸುವುದು ಮುಖ್ಯ. ಬಾಯಿಪಾಠ ಇಲ್ಲಿ ಕೆಲಸಕ್ಕೆ ಬಾರದು.

ಸಂಖ್ಯಾಶಾಸ್ತ್ರ ಮಾತ್ರ ಬಿಡಲೇಬೇಡಿ. ಬಿ.ಎ.ದವರು ಹೆದರುವುದು ಇದಕ್ಕೇ, ಆದರೆ ಬೇಕಾದದ್ದು ಪಿಯುಸಿ ಮಟ್ಟದ ಗಣಿತ ಮತ್ತು ತಾಳ್ಮೆ. ಸರಾಸರಿ, ಚದುರುವಿಕೆ, ಸಹಸಂಬಂಧ, ಟಿ-ಪರೀಕ್ಷೆ ಇಷ್ಟನ್ನು ಕೈಯಿಂದ ಲೆಕ್ಕ ಮಾಡಿ ನೋಡಿ. 'ಪಿ ಮೌಲ್ಯ' ಎಂಬುದನ್ನು ಸರಿಯಾಗಿ ಹೇಳಲು ಕಲಿಯಿರಿ: ನಿಜಕ್ಕೂ ಯಾವ ವ್ಯತ್ಯಾಸವೂ ಇಲ್ಲ ಎಂದು ಇಟ್ಟುಕೊಂಡರೆ, ಈಗ ಸಿಕ್ಕಷ್ಟು ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ ಎಷ್ಟು ಎಂಬುದು ಅದು. ನಿಮ್ಮ ಊಹೆ ಸುಳ್ಳಾಗಿರುವ ಸಂಭವ ಎಂದು ಹೇಳಿದರೆ ತಪ್ಪು. ಸಂದರ್ಶನದಲ್ಲಿ ಈ ತಪ್ಪು ಬಹಳ ಬೇಗ ಬಯಲಾಗುತ್ತದೆ.

ಪೈಥಾನ್, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದನ್ನು ಕಲಿಯಿರಿ, ಎರಡೂ ಉಚಿತ. ಕೋಡಿಂಗ್ ಬಾರದವರು ಸಂಖ್ಯಾಶಾಸ್ತ್ರಕ್ಕೆ ಜ್ಯಾಸ್ಪ್ ಎಂಬ ಉಚಿತ ತಂತ್ರಾಂಶದಿಂದ ಶುರುಮಾಡಬಹುದು. ಸ್ವಯಂ ಮತ್ತು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕಾ ತಾಣಗಳಲ್ಲಿ ಐಐಟಿ ಅಧ್ಯಾಪಕರ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಪಾಠ, ಪರೀಕ್ಷೆ, ಪ್ರಬಂಧ ಎಲ್ಲ ಇಂಗ್ಲಿಷ್‌ನಲ್ಲೇ. ಇದಕ್ಕೆ ಮಾತಿನ ಇಂಗ್ಲಿಷ್ ಕ್ಲಾಸಿಗೆ ಹಣ ಸುರಿಯಬೇಡಿ, ಇಲ್ಲಿ ಬೇಕಾದದ್ದು ಓದುವ ಇಂಗ್ಲಿಷ್. ವಾರಕ್ಕೊಂದು ಸಂಶೋಧನಾ ಲೇಖನ ತೆಗೆದುಕೊಳ್ಳಿ. ಮೊದಲು ಸಾರಾಂಶ, ಆಮೇಲೆ ಚಿತ್ರ ಮತ್ತು ಕೋಷ್ಟಕ, ಆಮೇಲೆ ಪ್ರಯೋಗ ಮಾಡಿದ ವಿಧಾನ ಓದಿ. ಕೊನೆಗೆ ಪ್ರಶ್ನೆ ಏನು, ಹೇಗೆ ಅಳೆದರು, ಏನು ಸಿಕ್ಕಿತು, ಬೇರೆ ವಿವರಣೆ ಸಾಧ್ಯವೇ ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿ. ಕನ್ನಡದಲ್ಲಿ ಬರೆಯಲು ಆಗದಿದ್ದರೆ ಅದು ನಿಮಗೆ ಅರ್ಥವಾಗಿಲ್ಲ ಎಂದೇ ತಿಳಿಯಿರಿ.

ಹಂತ 5: ಒಂದು ಸಣ್ಣ ಪ್ರಯೋಗ ನೀವೇ ಮಾಡಿ

ಈ ಹಂತವನ್ನು ಎಲ್ಲರೂ ಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ಇದಕ್ಕಿಂತ ಹೆಚ್ಚು ಕಲಿಸುವುದು ಬೇರೊಂದಿಲ್ಲ.

ಸ್ಟ್ರೂಪ್ ಪ್ರಯೋಗವನ್ನೇ ತೆಗೆದುಕೊಳ್ಳಿ. 'ಕೆಂಪು' ಎಂಬ ಪದವನ್ನು ನೀಲಿ ಬಣ್ಣದಲ್ಲಿ ಬರೆದು, ಪದ ಓದದೆ ಬಣ್ಣವನ್ನಷ್ಟೇ ಹೇಳಿ ಎಂದರೆ ಜನ ತಡವರಿಸುತ್ತಾರೆ. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಇದನ್ನು ಪ್ರಕಟಿಸಿದರು. ಓದುವುದು ಎಷ್ಟು ರೂಢಿಯಾಗಿರುತ್ತದೆಂದರೆ ಬೇಡವೆಂದರೂ ಅದು ನಡೆದೇ ಹೋಗುತ್ತದೆ.

ಇದನ್ನು ಬೆಳಗಾವಿಗೆ ತನ್ನಿ. ಕನ್ನಡ, ಮರಾಠಿ ಎರಡೂ ಓದಬಲ್ಲ, 18 ವರ್ಷ ಮೀರಿದ ಇಪ್ಪತ್ತು ಗೆಳೆಯರನ್ನು ಒಪ್ಪಿಸಿ. ಮೂರು ಬಗೆಯ ಪರದೆಗಳನ್ನು ಮಾಡಿ: ಬರೀ ಬಣ್ಣದ ಚೌಕಗಳು; ಬೇರೆ ಬಣ್ಣದಲ್ಲಿ ಬರೆದ ಕನ್ನಡದ 'ಕೆಂಪು', 'ನೀಲಿ', 'ಹಸಿರು'; ಬೇರೆ ಬಣ್ಣದಲ್ಲಿ ನಾಗರಿಯಲ್ಲಿ ಬರೆದ ಮರಾಠಿಯ 'ಲಾಲ್', 'ನಿಳಾ', 'ಹಿರವಾ'. ಎಲ್ಲದಕ್ಕೂ ಬಣ್ಣದ ಹೆಸರನ್ನು ಕನ್ನಡದಲ್ಲೇ ಹೇಳಬೇಕು. ಉತ್ತರ ಕೊಡುವ ಭಾಷೆಯ ಪದವೇ ಹೆಚ್ಚು ಅಡ್ಡಿ ಮಾಡುತ್ತದೆಯೋ, ಮರಾಠಿ ಶಾಲೆಯಲ್ಲಿ ಓದಿದವರಿಗೆ ಇದು ತಿರುಗುಮುರುಗು ಆಗುತ್ತದೆಯೋ? ಸೈಕೋಪೈ ಎಂಬ ಉಚಿತ ತಂತ್ರಾಂಶ ಪರದೆಯನ್ನೂ ತೋರಿಸುತ್ತದೆ, ಉತ್ತರಕ್ಕೆ ಹಿಡಿದ ಸಮಯವನ್ನೂ ದಾಖಲಿಸುತ್ತದೆ.

ಗಮನಿಸಬೇಕಾದವು ಕೆಲವಿವೆ. ಎಲ್ಲರಿಗೂ ಮೊದಲು ಕನ್ನಡ, ಆಮೇಲೆ ಮರಾಠಿ ತೋರಿಸಿದರೆ, ಕೊನೆಯದಕ್ಕೆ ಅಭ್ಯಾಸವೋ ದಣಿವೋ ಸೇರಿಕೊಳ್ಳುತ್ತದೆ. ಆದ್ದರಿಂದ ಅರ್ಧ ಜನಕ್ಕೆ ಸರದಿ ಅದಲುಬದಲು ಮಾಡಿ. ಬಣ್ಣಗುರುಡು ಇದೆಯೇ ಎಂದು ಮೊದಲೇ ಕೇಳಿ. ಪದಗಳ ಉದ್ದ ಹೋಲುವಂತೆ ನೋಡಿ. ಯಾರು ಯಾವ ಮಾಧ್ಯಮದಲ್ಲಿ ಓದಿದರು, ಮನೆಮಾತು ಯಾವುದು ಎಂದು ಬರೆದುಕೊಳ್ಳಿ. ಪ್ರಯೋಗ ಏಕೆ, ಏನು ದಾಖಲಾಗುತ್ತದೆ, ಯಾವಾಗ ಬೇಕಾದರೂ ಎದ್ದು ಹೋಗಬಹುದು ಎಂಬುದನ್ನು ತಿಳಿಸಿ ಒಪ್ಪಿಗೆ ಪಡೆಯಿರಿ. ಹೆಸರಿನ ಬದಲು ಸಂಖ್ಯೆ ಬಳಸಿ. ಸಣ್ಣ ಮಕ್ಕಳ ಮೇಲೆ ಇಂಥದ್ದನ್ನು ನೀವಾಗಿಯೇ ಮಾಡಲು ಹೋಗಬೇಡಿ, ಅದಕ್ಕೆ ಪೋಷಕರ ಒಪ್ಪಿಗೆಯೂ ಸಂಸ್ಥೆಯ ನೀತಿ ಸಮಿತಿಯ ಅನುಮತಿಯೂ ಬೇಕು. ನಿಮ್ಮ ಪ್ರಯೋಗ ಕಲಿಕೆಗಾಗಿ, ಪ್ರಕಟಣೆಗಲ್ಲ.

ಫಲಿತಾಂಶ ನಿಮ್ಮ ಊಹೆಯಂತೆ ಬರದಿದ್ದರೆ ಅದನ್ನೂ ಹಾಗೆಯೇ ಬರೆದಿಡಿ. ಅಂಕಿಗಳನ್ನು ತಿದ್ದುವ ಅಭ್ಯಾಸ ಇಲ್ಲಿಯೇ ಶುರುವಾದರೆ ಮುಂದೆ ಬಿಡುವುದಿಲ್ಲ.

ಹಂತ 6: ಉದ್ದೇಶಪತ್ರ ಮತ್ತು ಸಂದರ್ಶನ

ಉದ್ದೇಶಪತ್ರ ಎಂದರೆ ಈ ಕೋರ್ಸ್ ಏಕೆ ಬೇಕು ಎಂದು ನೀವು ಬರೆದುಕೊಡುವ ಒಂದೆರಡು ಪುಟ. "ಚಿಕ್ಕಂದಿನಿಂದಲೂ ಮನಸ್ಸಿನ ರಹಸ್ಯ ನನ್ನನ್ನು ಸೆಳೆಯುತ್ತಿತ್ತು" ಎಂದು ಶುರುಮಾಡಬೇಡಿ. ನಿಮ್ಮ ಪ್ರಶ್ನೆ, ಅದಕ್ಕಾಗಿ ಓದಿದ್ದು, ಮಾಡಿ ನೋಡಿದ ಪ್ರಯೋಗ, ಅದರಲ್ಲಿ ಉಳಿದ ಕೊರತೆ, ಅಲ್ಲಿನ ಯಾವ ಅಧ್ಯಾಪಕರ ಕೆಲಸಕ್ಕೆ ಇದು ಹತ್ತಿರ ಎಂಬುದನ್ನು ಬರೆಯಿರಿ. ಎಐಯಿಂದ ಬರೆಸಿದ ಪತ್ರ ಸಂದರ್ಶನದ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಸಂದರ್ಶನದಲ್ಲಿ "ನಿಮ್ಮ ಊಹೆ ತಪ್ಪು ಎಂದು ಯಾವ ಫಲಿತಾಂಶ ತೋರಿಸುತ್ತದೆ?" ಎಂಬ ಪ್ರಶ್ನೆಗೆ ತಯಾರಿರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ಬಳಿಕ "ತಿಳಿಯಬೇಕಾದರೆ ಹೀಗೆ ಹುಡುಕುತ್ತೇನೆ" ಎಂದು ಸೇರಿಸಿ. ದೆಹಲಿಗೆ ಹೋಗಬೇಕಾಗಿ ಬಂದರೆ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿಯಿಂದ ನೇರ ನಿಜಾಮುದ್ದೀನ್‌ಗೆ ಇದೆ. ಕರೆ ಬರುವ ಮುಂಚೆಯೇ ಟಿಕೆಟ್ ಲಭ್ಯತೆ ನೋಡುತ್ತಿರಿ.

ಹಂತ 7: ಹಣ

ಐಐಟಿಯಂಥ ಸಂಸ್ಥೆಗಳಲ್ಲಿ ಸೀಟು ಸಿಕ್ಕರೆ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಅಡಮಾನವಿಲ್ಲದೆ ಸಾಲ ಪಡೆಯಬಹುದು. ವರಮಾನ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಇಲ್ಲದವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3 ರಿಯಾಯಿತಿಗೂ ಅವಕಾಶ ಇದೆ. ಊರಿನ ಬ್ಯಾಂಕಿನಲ್ಲಿ "ಜಮೀನಿನ ಕಾಗದ ತಂದುಕೊಡ್ರಿ" ಎಂದರೆ ಈ ಯೋಜನೆಯ ಹೆಸರು ಹೇಳಿ, ಅದರ ಪೋರ್ಟಲ್‌ನಲ್ಲೇ ಅರ್ಜಿ ಹಾಕಿ.

ಹೊರದೇಶ ಎನ್ನುವವರಿಗೆ: ಜರ್ಮನಿಯ ಓಸ್ನಾಬ್ರುಕ್ ವಿಶ್ವವಿದ್ಯಾಲಯ ಈ ವಿಷಯಕ್ಕೆ ಹೆಸರಾದದ್ದು, ಅಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದರೆ ವೀಸಾಗೆ ವರ್ಷದ ಖರ್ಚಿಗೆಂದು 11,904 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸಬೇಕು. ಪದವಿ ಕಾಗದಗಳ ಪರಿಶೀಲನೆಯಾದ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ. ಬ್ರಿಟನ್ನಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಕೋರ್ಸ್ ಒಂದೇ ವರ್ಷದ್ದು, ಶುಲ್ಕ ಭಾರಿ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಹೊರದೇಶದ ಓದಿಗೆ ನೆರವು ಕೊಡುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನು ತಪ್ಪದೆ ನೋಡಬೇಕು.

ಓದಿದ ಮೇಲೆ?

ಹೆಚ್ಚಿನವರು ಪಿಎಚ್.ಡಿ.ಗೆ ಹೋಗುತ್ತಾರೆ. ಉಳಿದವರಿಗೆ ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ಯುಎಕ್ಸ್ ಸಂಶೋಧನೆ, ಅಂದರೆ ಜನ ಆ್ಯಪ್ ಬಳಸುವಾಗ ಎಲ್ಲಿ ಗೊಂದಲಗೊಳ್ಳುತ್ತಾರೆ ಎಂದು ಪರೀಕ್ಷಿಸುವ ಕೆಲಸ ಇದೆ. ಭಾರತೀಯ ಭಾಷೆಗಳ ಮಾತನ್ನು ಯಂತ್ರಕ್ಕೆ ಕಲಿಸುವ ಕೆಲಸವೂ ಬೆಳೆಯುತ್ತಿದೆ. ಕೇಂದ್ರದ ಭಾಷಿಣಿ ಯೋಜನೆ, ಐಐಟಿ ಮದ್ರಾಸಿನ ಎಐ4ಭಾರತ್ ಈ ಕೆಲಸದಲ್ಲಿ ಹೆಸರಾದವು. ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಈ ಹೆಸರಿನ ಹುದ್ದೆ ಸದ್ಯಕ್ಕೆ ಹುಡುಕಿದರೂ ಸಿಗುವುದು ಕಷ್ಟ. ಮನೆಯವರಿಗೆ ಇದನ್ನು ಸೇರುವ ಮುಂಚೆಯೇ ಹೇಳಿಬಿಡಿ.

ಈ ವರ್ಷ ಸೀಟು ಸಿಗದಿದ್ದರೆ ಪ್ರಯೋಗಾಲಯಗಳಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗೆ ಪ್ರಯತ್ನಿಸಿ. ಕನ್ನಡ, ಮರಾಠಿ ಬಲ್ಲವರು ಭಾಷೆಯ ಪ್ರಯೋಗಗಳಿಗೆ ಬೇಕಾಗುತ್ತಾರೆ. ಅಧ್ಯಾಪಕರಿಗೆ ಇಮೇಲ್ ಬರೆಯುವಾಗ ಅವರ ಒಂದು ಲೇಖನವನ್ನಾದರೂ ಪೂರ್ತಿ ಓದಿರಿ, ಆ ಲೇಖನದ ಬಗ್ಗೆ ಒಂದು ಪ್ರಶ್ನೆ ಕೇಳಿ, ನಿಮ್ಮ ಸ್ಟ್ರೂಪ್ ಪ್ರಯೋಗದ ಎರಡು ಪುಟದ ವರದಿ ಲಗತ್ತಿಸಿ. ಹತ್ತು ಜನರಿಗೆ ಒಂದೇ ಪತ್ರ ಕಳಿಸಬೇಡಿ. ಎರಡು ವಾರ ಕಾದು ಒಮ್ಮೆ ನೆನಪಿಸಿ, ಆಮೇಲೂ ಉತ್ತರ ಬಾರದಿದ್ದರೆ ಮುಂದಿನವರಿಗೆ ಬರೆಯಿರಿ.